ಹಿಟ್ಟು ಉಣ್ಣೋದಾ, ತಿನ್ನೋದಾ?

ಶಿರಾ ಕಡೆಯವನು:
ನಮ್ಮಲ್ಲಿ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. ಚಿಕ್ಕವನಿದ್ದಾಗ ಒಮ್ಮೆ 'ಅಜ್ಜಿ, ನಂದು ಹಿಟ್ಟು ತಿಂದಾಯ್ತು' ಅಂದಿದ್ದಕ್ಕೆ ಅಜ್ಜಿ ಹಿಟ್ಟಿನ ಕೋಲು ಹಿಡಿದುಕೊಂಡೇ ಬಂದಿದ್ದಳು. 'ತಿನ್ನಕ್ಕೆ ಅದೇನು ಕಡ್ಲೆಕಾಯಾ? ಹಿಟ್ಟು ಉಣ್ಣಬೇಕು ಕಣ್ಲಾ.' ಅಗಿದರೂ ಬೈಗುಳ, ಸಾರಲ್ಲಿ ಅದ್ದಿ ಸುಮ್ನೆ ನುಂಗಬೇಕು. ಬೆಂಗಳೂರಲ್ಲಿ ಬೆಳೆದ ನನ್ನ ಮಗಳಿಗೆ ಅನ್ನ, ಚಪಾತಿ, ಚಿಪ್ಸು ಎಲ್ಲವೂ 'ತಿಂದೆ'. ತಿದ್ದಿದರೆ 'ಎರಡೂ ಒಂದೇ ಅಲ್ವಾ ಅಪ್ಪ' ಅಂತಾಳೆ. ನಿಮ್ಮ ಕಡೆ ಯಾವುದನ್ನು ಉಣ್ಣುತ್ತೀರಿ, ಯಾವುದನ್ನು ತಿನ್ನುತ್ತೀರಿ?

ಕುಂದಾಪ್ರದವಳು:
ನಾವು ಬೆಳಿಗ್ಗೆ ಎದ್ದ ಕೂಡಲೇ ಉಣ್ಣುವವರು! ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಅಮ್ಮ ಅಂಗಳಕ್ಕೆ ಬಂದು 'ಉಂಬುಕೆ ಬನ್ನಿ ಮಕ್ಳೆ' ಅಂತ ಕರೆದರೆ ನಾವು ಆಡುತ್ತಲೇ ಇರುತ್ತಿದ್ದೆವು. 'ತಿಂಬುಕೆ ಬನ್ನಿ' ಅಂದರೆ ಮಾತ್ರ ಓಡುತ್ತಿದ್ದೆವು, ಅವತ್ತು ದೋಸೆ ಅಂತ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಹೊತ್ತಿಗೂ ಇದಕ್ಕೂ ಸಂಬಂಧ ಇಲ್ಲ ಮರಾಯ್ರೆ. ಇನ್ನು ತೆಳಿ, ಅಂದರೆ ಗಂಜಿಯ ತಿಳಿನೀರು, ಅದು ಕುಡಿಯುವುದು.

ವಿಜಯಪುರದಿಂದ:
ನಮ್ಮ ಕಡೆ ರೊಟ್ಟಿಗೆ ಎರಡೂ ನಡೆಯುತ್ತದೆ. ನಾವು ಮೂವರು ಅಣ್ಣತಮ್ಮಂದಿರು ಒಂದೇ ಗಂಗಾಳದಲ್ಲಿ ಜೋಳದ ನುಚ್ಚು, ಮಜ್ಜಿಗೆ ಉಣ್ಣುತ್ತಿದ್ದೆವು. ದೊಡ್ಡವನ ತುತ್ತು ದೊಡ್ಡದು ಅಂತ ನಾನು ನುಚ್ಚಿನಲ್ಲೇ ಬೆರಳಿಂದ ಗೆರೆ ಎಳೆದಿಡುತ್ತಿದ್ದೆ, ಮಜ್ಜಿಗೆ ಬಿದ್ದರೆ ಗೆರೆ ಎಲ್ಲಿ ಉಳಿಯುತ್ತದೆ! ಆಮೇಲೆ ತುಮಕೂರಿನ ಹಾಸ್ಟೆಲ್ ಸೇರಿದ ಮೊದಲ ದಿನ ರೂಮಿನವನು 'ಹಿಟ್ಟು ಉಂಡ್ಯಾ?' ಅಂದ. ನಮಗೆ ಹಿಟ್ಟು ಅಂದರೆ ಗಿರಣಿಯಿಂದ ಬೀಸಿಕೊಂಡು ಬಂದು ಡಬ್ಬಿಯಲ್ಲಿಟ್ಟಿದ್ದು. ಇವರು ಹಸಿ ಹಿಟ್ಟು ಮುಕ್ಕುತ್ತಾರೇನೋ ಅಂತ ಹೆದರಿ ಅವತ್ತು ಎರಡು ಬಾಳೆಹಣ್ಣು ತಿಂದು ಮಲಗಿದೆ.

ಮಂಡ್ಯದವಳು:
ಉಂಡದ್ದು, ತಿಂದದ್ದು ಎಲ್ಲಾ ಸರಿ. ನಮ್ಮವ್ವನ ಬಾಯಲ್ಲಿ 'ಉಂಡೆ' ಅನ್ನುವ ಮಾತನ್ನೇ ನಾನು ಕೇಳಿಲ್ಲ. ಗಂಡಸರು, ಮಕ್ಕಳು, ಗದ್ದೆ ಆಳುಗಳು ಎಲ್ಲರದ್ದೂ ಮುಗಿದ ಮೇಲೆ ಒಲೆ ಮುಂದೆ ಕೂತು ತಳದಲ್ಲಿ ಉಳಿದಿದ್ದನ್ನು ಕೆರೆದುಕೊಳ್ಳುತ್ತಿದ್ದಳು. 'ಉಂಡ್ಯೇನವ್ವಾ' ಅಂದರೆ 'ಏನೋ ಒಂದ್ ತುತ್ತು ಬಾಯಿಗೆ ಹಾಕ್ಕಂಡೆ' ಅಷ್ಟೇ. ಅಜ್ಜಿಯರ ಮಾತು ಮಕ್ಕಳಿಗೆ ಹೇಳುವಾಗ ಇದನ್ನೂ ಹೇಳಿ.

ಶಿರಾ ಕಡೆಯವನು:
ನಿಜ, ನಮ್ಮಜ್ಜಿ ಯಾವಾಗ ಉಣ್ಣುತ್ತಿದ್ದಳು ಅಂತ ನನಗೂ ನೆನಪಿಲ್ಲ. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಪಿಜ್ಜಾ ಉಂಬುದಾ, ತಿಂಬುದಾ ಅಂತ ಕುಂದಾಪ್ರದ ಅಕ್ಕನ್ನ ಕೇಳು ಅಂತಿದ್ದಾಳೆ.