ಡೈನೋಸಾರ್ ಹುಚ್ಚಿನ ಮಗುವನ್ನು ರಜೆಗೆ ಎಲ್ಲಿಗೆ ಕರೆದೊಯ್ಯೋಣ? ಭೂವಿಜ್ಞಾನಿ ಸರ್ ಅವರನ್ನು ಕೇಳಿ

ಅಡ್ಮಿನ್: ಕಲಬುರಗಿ, ಬೀದರ್, ಯಾದಗಿರಿ ಪಾಲಕರ ಬಳಗಕ್ಕೆ ನಮಸ್ಕಾರ. ರಜೆ ಹತ್ತಿರ ಬಂತು. ಡೈನೋಸಾರ್ ನೋಡಬೇಕು ಅಂತ ಮಕ್ಕಳು ಹಟ ಹಿಡಿದಿವೆ ಅಂತ ಸುಮಾರು ಜನ ಬರೆದಿದ್ದೀರಿ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಸರ್ ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಮೇಲೆ ಕೇಳಿದ್ದನ್ನೇ ಮತ್ತೆ ಕೇಳಬೇಡಿ. ಫಾರ್ವರ್ಡ್ ಹಾಕಬೇಡಿ.

ಸೇಡಂ ರಸ್ತೆ ಅಮ್ಮ: ಸರ್ ನಮಸ್ಕಾರ. ಮಗನಿಗೆ ಐದು ವರ್ಷ. ಊಟ, ನಿದ್ದೆ ಎಲ್ಲದರಲ್ಲೂ ಡೈನೋಸಾರ್. ಪ್ಲಾಸ್ಟಿಕ್‌ದು ಸಾಕಾಗಿದೆ, 'ನಿಜವಾದ ಎಲುಬು' ಬೇಕಂತೆ. ಎರಡು ಮೂರು ದಿನದ ಒಳಗೆ ಆಗಬೇಕು. ಅತ್ತೆಯವರೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು.

ಭೂವಿಜ್ಞಾನಿ: ಹೈದರಾಬಾದಿಗೆ ಹೋಗಿ ತಾಯಿ. ಬಿರ್ಲಾ ಮಂದಿರದ ಪಕ್ಕದಲ್ಲೇ ಬಿರ್ಲಾ ವಿಜ್ಞಾನ ಕೇಂದ್ರ ಇದೆ. ಅಲ್ಲಿ ಕೋಟಾಸಾರಸ್ ಎಂಬ ಡೈನೋಸಾರಿನ ಪೂರ್ತಿ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿ ಹತ್ತಿರ ಸಿಕ್ಕಿದ್ದು. ಜುರಾಸಿಕ್ ಕಾಲದ್ದು. ಉದ್ದ ಕತ್ತು, ಉದ್ದ ಬಾಲ, ಸೊಪ್ಪು ತಿನ್ನುವ ಜಾತಿ. 1988ರಲ್ಲಿ ಅದಕ್ಕೆ ಹೆಸರಿಟ್ಟರು. ಒಂದು ವಿಷಯ ಮಗನಿಗೆ ಮೊದಲೇ ಹೇಳಿ: ಅದು ಒಂದೇ ಪ್ರಾಣಿಯ ಎಲುಬಲ್ಲ. ಕನಿಷ್ಠ 12 ಪ್ರಾಣಿಗಳ ಎಲುಬು ಒಂದೇ ಕಡೆ ಸಿಕ್ಕವು, ಅವನ್ನೇ ಜೋಡಿಸಿದ್ದು. ತಲೆಬುರುಡೆ ಸಿಗಲೇ ಇಲ್ಲ, ಹಲ್ಲು ಮಾತ್ರ ಸಿಕ್ಕವು. ಹಾಗಾಗಿ ಅಲ್ಲಿರುವ ತಲೆ ಮಾಡಿಸಿದ್ದು. ಐದು ವರ್ಷದ ಮಕ್ಕಳಿಗೆ ಇಂಥ ಗುಟ್ಟು ಬಹಳ ಇಷ್ಟ. 'ಯಾವುದು ಸುಳ್ಳು ಎಲುಬು' ಅಂತ ಹುಡುಕುತ್ತಾ ಒಂದು ಗಂಟೆ ನಿಲ್ಲುತ್ತವೆ.

ಅತ್ತೆಯವರಿದ್ದಾರೆ ಎಂದರೆ ರೈಲಿಗೇ ಹೋಗಿ, ವಾಡಿ, ತಾಂಡೂರು, ವಿಕಾರಾಬಾದ್ ಮೇಲೆ. ಕೇಂದ್ರ ಗುಡ್ಡದ ಮೇಲಿದೆ, ಆಟೋ ಬಾಗಿಲ ತನಕ ಹೋಗುತ್ತದೆಯೇ ಕೇಳಿಕೊಂಡು ಹತ್ತಿ. ಬೆಳಿಗ್ಗೆ ಮೊದಲು ಅಸ್ಥಿಪಂಜರ. ತಾರಾಲಯ, ಹುಸೇನ್ ಸಾಗರ ಎಲ್ಲ ಆಮೇಲೆ. ಮಗು ದಣಿದ ಮೇಲೆ ಯಾವ ಎಲುಬು ತೋರಿಸಿದರೂ ಅಳುವೇ.

ಬೀದರ್ ಕೋಟೆ ಓಣಿ: ಸರ್ ನಮಗೆ ಬೀದರ್‌ನಿಂದ ಯಾವುದು ಹತ್ತಿರ?

ಭೂವಿಜ್ಞಾನಿ: ಅದೇ ಹೈದರಾಬಾದ್. ನಿಮಗೆ ಇನ್ನೂ ಹತ್ತಿರ, ಸುಮಾರು 140 ಕಿ.ಮೀ.

ಶಹಾಬಾದ್ ಅಪ್ಪ: ಸರ್, ಇಷ್ಟು ದೂರ ಯಾಕೆ? ನಮ್ಮಲ್ಲೇ ಪರ್ಸಿ ಕಲ್ಲಿನ ಹಳೆಯ ಖಣಿಗಳಿವೆ. ಕಲ್ಲಿನ ಮೇಲೆ ಗಿಡದ ಅಚ್ಚು ಇರುತ್ತದೆ, ನಾನೇ ನೋಡಿದ್ದೇನೆ. ಗಿಡ ಇದ್ದರೆ ಡೈನೋಸಾರೂ ಇರಬೇಕಲ್ವಾ? ಮಗಳಿಗೆ ಆರು ವರ್ಷ, ಆನ್‌ಲೈನ್‌ನಲ್ಲಿ ಸಣ್ಣ ಸುತ್ತಿಗೆ ತರಿಸಿದ್ದೇನೆ. ಭಾನುವಾರ ಕರೆದುಕೊಂಡು ಹೋಗಿ ಹುಡುಕೋಣ ಅಂತ. ಖರ್ಚೂ ಇಲ್ಲ.

ಭೂವಿಜ್ಞಾನಿ: ಅಪ್ಪಾರೇ, ದಯವಿಟ್ಟು ಹೋಗಬೇಡಿ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲು ಕಲ್ಲಿನ ಮಾತು. ಶಹಾಬಾದ್ ಪರ್ಸಿ ಅಂದರೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣ. ಡೈನೋಸಾರ್ ಹುಟ್ಟುವುದಕ್ಕೂ ಕೋಟಿಗಟ್ಟಲೆ ವರ್ಷ ಮೊದಲಿನದು. ಆಗ ಎಲುಬಿರುವ ಪ್ರಾಣಿಯೇ ಭೂಮಿಯ ಮೇಲೆ ಇರಲಿಲ್ಲ. ನೀವು ನೋಡಿದ ಜರಿಗಿಡದಂಥ ಕಪ್ಪು ಅಚ್ಚು ಗಿಡವೇ ಅಲ್ಲ. ಪದರಗಳ ಸಂದಿಯಲ್ಲಿ ನೀರು ಇಳಿಯುವಾಗ ಅದರಲ್ಲಿರುವ ಮ್ಯಾಂಗನೀಸ್ ಕವಲು ಕವಲಾಗಿ ಹರಡಿ ಹಾಗೆ ಕೂರುತ್ತದೆ. ಮನೆಯ ನೆಲದ ಪರ್ಸಿಯಲ್ಲೇ ಸಿಗುತ್ತದೆ, ಭೂತಗನ್ನಡಿ ಕೊಟ್ಟು ಮಗಳನ್ನು ಅಲ್ಲೇ ಕೂರಿಸಿ.

ಈಗ ಖಣಿ. ಕಲ್ಲು ತೆಗೆದು ಬಿಟ್ಟ ಖಣಿಯಲ್ಲಿ ಮಳೆ ನೀರು ನಿಲ್ಲುತ್ತದೆ. ಬಾವಿಗೆ ಕಟ್ಟೆ ಇರುತ್ತದೆ, ಖಣಿಗೆ ಇರುವುದಿಲ್ಲ. ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ನೇರ ಆಳ. ಒಳಗಿನ ಗೋಡೆ ಕಡಿದ ಹಾಗೆ ನೆಟ್ಟಗಿರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬರುವವರೂ ಹತ್ತಿ ಬರಲಾರದೆ ಸೋಲುತ್ತಾರೆ. ಒಣಗಿದ ಖಣಿ ಇನ್ನೊಂದು ತರ. ಚಪ್ಪಡಿಗಳು ಒಂದರ ಮೇಲೊಂದು ಸಡಿಲವಾಗಿ ನಿಂತಿರುತ್ತವೆ, ನಡುವೆ ತೆಳ್ಳಗೆ ಮಣ್ಣು. ಆ ಮಣ್ಣು ತೊಯ್ದರೆ ಮೇಲಿನ ಚಪ್ಪಡಿ ಜಾರುತ್ತದೆ. ನೀವು ಕೆಳಗೆ ಸುತ್ತಿಗೆಯಿಂದ ತಟ್ಟುತ್ತಿರುತ್ತೀರಿ, ಮೇಲೆ ಏನಾಗುತ್ತಿದೆ ಕಾಣುವುದಿಲ್ಲ. ಕೆಲಸ ನಡೆಯುವ ಖಣಿಯಾದರೆ ಸಿಡಿಮದ್ದು, ಲಾರಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವಾಗ ನಾವು ಮಾಲೀಕರ ಅನುಮತಿ, ಹೆಲ್ಮೆಟ್ ಇಲ್ಲದೆ ಒಳಗೆ ಕಾಲಿಟ್ಟವರಲ್ಲ. ಅವರು ಇಪ್ಪತ್ತು ವರ್ಷದವರು. ಮತ್ತೆ ಆ ಸುತ್ತಿಗೆ: ಕಲ್ಲು ಒಡೆದಾಗ ಚೂರು ನೇರ ಕಣ್ಣಿಗೆ ಹಾರುತ್ತದೆ. ಕಣ್ಣಿಗೆ ಕನ್ನಡಕ ತರಿಸಿದ್ದೀರಾ?

ಶಹಾಬಾದ್ ಅಪ್ಪ: ಸರ್, ನಾನು ಆ ಖಣಿಯಲ್ಲೇ ಈಜು ಕಲಿತವನು. ಅಂಚು ಎಲ್ಲ ಗೊತ್ತು.

ಭೂವಿಜ್ಞಾನಿ: ನಿಮಗೆ ಗೊತ್ತು. ಮಗಳಿಗೆ ಗೊತ್ತಿಲ್ಲ.

ಆಳಂದ ರೈತ: ಸರ್ ಫೋಟೋ ಹಾಕಿದ್ದೇನೆ ನೋಡಿ. ಹೊಲದಲ್ಲಿ ಬಾವಿ ತೋಡುವಾಗ ದುಂಡು ಕಲ್ಲು ಸಿಕ್ಕಿದೆ. ಮೇಲಿನ ಸಿಪ್ಪೆ ಉಳ್ಳಾಗಡ್ಡಿ ತರ ಬಿಚ್ಚುತ್ತದೆ. ಇದು ಡೈನೋಸಾರ್ ಮೊಟ್ಟೆ, ಕೋಟಿ ಬೆಲೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ಜನ ಮಕ್ಕಳನ್ನು ಕರೆತಂದು ತೋರಿಸುತ್ತಿದ್ದಾರೆ.

ಭೂವಿಜ್ಞಾನಿ: ಮೊಟ್ಟೆ ಅಲ್ಲ. ಆಳಂದದ ಕರಿಕಲ್ಲು ಲಾವಾ. ಬಿರುಕಿನಲ್ಲಿ ನೀರು ಇಳಿದು ಮೂಲೆಗಳು ಕೊಳೆತು ದುಂಡಾಗುತ್ತವೆ, ಸಿಪ್ಪೆ ಬಿಡುತ್ತವೆ. ಹತ್ತು ಮೀಟರ್ ತೋಡಿದರೆ ನೂರು ಸಿಗುತ್ತವೆ. ನಿಜವಾದ ಮೊಟ್ಟೆಗೆ ಹತ್ತು ಸಿಪ್ಪೆ ಇರುವುದಿಲ್ಲ, ಕೆಲವೇ ಮಿಲಿಮೀಟರ್ ದಪ್ಪದ ಒಂದು ಚಿಪ್ಪು, ಅದರಲ್ಲಿ ಸೂಜಿ ಮೊನೆಯಷ್ಟು ರಂಧ್ರಗಳು. ಕುದಿಯುವ ಲಾವಾದಲ್ಲಿ ಮೊಟ್ಟೆ ಉಳಿಯುತ್ತದೆಯೇ, ನೀವೇ ಹೇಳಿ. 2020ರಲ್ಲಿ ತಮಿಳುನಾಡಿನ ಪೆರಂಬಲೂರಿನಲ್ಲೂ ಇದೇ ಗಲಾಟೆ ಆಯಿತು, ನೋಡಿದರೆ ಅಮೊನೈಟ್ ಎಂಬ ಸಮುದ್ರ ಜೀವಿಯ ಸುತ್ತ ಕಟ್ಟಿದ ಕಲ್ಲಿನ ಉಂಡೆಗಳು.

ಆಳಂದ ರೈತ: ಮಧ್ಯಪ್ರದೇಶದಲ್ಲಿ ಮೊದಲು ಕಲ್ಲು ಅಂದರು, ಆಮೇಲೆ ಮೊಟ್ಟೆ ಅಂದರು. ಪೇಪರಿನಲ್ಲಿ ಬಂದಿತ್ತು.

ಭೂವಿಜ್ಞಾನಿ: ಅದು ಧಾರ್ ಜಿಲ್ಲೆ, ನರ್ಮದಾ ಕಣಿವೆ. ಅಲ್ಲಿ ಲಾವಾದ ಕೆಳಗೆ ಬೇರೆ ಕಲ್ಲಿದೆ. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ 92 ಗೂಡು, 256 ಮೊಟ್ಟೆ ದಾಖಲಾಗಿವೆ. ಅದೇ ವರ್ಷ ಪಾಡಲ್ಯ ಊರಿನವರು ಕಾಕಡ್ ಭೈರವ ಅಂತ ಪೂಜಿಸುತ್ತಿದ್ದ ದುಂಡು ಕಲ್ಲುಗಳು ಡೈನೋಸಾರ್ ಮೊಟ್ಟೆ ಅಂತ ಸುದ್ದಿಯಾಯಿತು. ನಿಮ್ಮದು ಆಳಂದ. ಧಾರ್ ಅಲ್ಲ.

ಶರಣರ ಮನೆ: ದೇವರನ್ನು ಮೊಟ್ಟೆ ಅನ್ನುವುದು ಯಾವ ವಿಜ್ಞಾನ? ತಲೆಮಾರಿನಿಂದ ಪೂಜೆ ಮಾಡಿದವರಿಗೆ ಎಷ್ಟು ನೋವಾಗಿರಬೇಡ.

ಜೇವರ್ಗಿ ಟೀಚರ್: ಪೂಜೆ ಮಾಡಿದ್ದರಿಂದಲೇ ಆ ಮೊಟ್ಟೆ ಉಳಿದವು ಸರ್. ಇಲ್ಲದಿದ್ದರೆ ಯಾರೋ ಒಡೆದು ಹೊಲದ ಬದುವಿಗೆ ಹಾಕುತ್ತಿದ್ದರು. ಇದರಲ್ಲಿ ನೋವೇನು?

ಶರಣರ ಮನೆ: ನಿಮಗೆ ಎಲ್ಲವೂ ಪಾಠವೇ. ಇದು ಪಾಲಕರ ಗುಂಪು, ಶ್ರದ್ಧೆ ಕೆಣಕುವ ಜಾಗ ಅಲ್ಲ.

ಜೇವರ್ಗಿ ಟೀಚರ್: ನೀವು ನಿನ್ನೆ ಹಾಕಿದ 'ಬೃಹತ್ ಮಾನವನ ಎಲುಬು' ಫೋಟೋ ಕಂಪ್ಯೂಟರಿನಲ್ಲಿ ಮಾಡಿದ್ದು. ಅದಕ್ಕೆ ಏನನ್ನಬೇಕು?

ಅಡ್ಮಿನ್: ಸಾಕು ಇಬ್ಬರೂ. ಪ್ರವಾಸದ ಪ್ರಶ್ನೆ ಮಾತ್ರ.

ಸ್ಟೇಷನ್ ಬಜಾರ್: ಹೈದರಾಬಾದಿನಲ್ಲಿ ಶುದ್ಧ ಶಾಕಾಹಾರಿ ಲಾಡ್ಜ್ ಯಾವುದು ಚೆನ್ನಾಗಿದೆ?

ಹುಮನಾಬಾದ್ ತಾಯಿ: ಸರ್, ಮಗಳಿಗೆ ಬಸ್ಸಿನಲ್ಲಿ ವಾಂತಿ. ಹೊಕ್ಕಳಿಗೆ ಶುಂಠಿ ಇಟ್ಟು ಪ್ಲಾಸ್ಟರ್ ಹಾಕಿ, ಪೇಪರ್ ಮೇಲೆ ಕೂರಿಸಿ ಅಂತ ಮೆಸೇಜ್ ಬಂದಿದೆ. ಮಾಡಬಹುದಾ?

ಭೂವಿಜ್ಞಾನಿ: ನಾನು ಕಲ್ಲು ಓದಿದವನು ತಾಯಿ. ಮಕ್ಕಳ ಡಾಕ್ಟರನ್ನು ಕೇಳಿ. ಮೆಸೇಜನ್ನು ಕೇಳಬೇಡಿ.

ಗಂಜ್ ಅಣ್ಣ: ಒಂದು ರೀಲ್ ಬಂದಿದೆ ಸರ್, ಎಲ್ಲರಿಗೂ ಉಪಯೋಗ ಆಗಲಿ. 'ಕಲ್ಲು ಫಾಸಿಲ್ ಹೌದೋ ಅಲ್ಲವೋ ಮನೆಯಲ್ಲೇ ತಿಳಿಯಿರಿ. ಬಾತ್‌ರೂಮ್ ಆ್ಯಸಿಡ್ ಹಾಕಿ, ನೊರೆ ಬಂದರೆ ಫಾಸಿಲ್. ಇಲ್ಲವೇ ನಾಲಿಗೆಗೆ ತಾಗಿಸಿ, ಅಂಟಿದರೆ ಡೈನೋಸಾರ್ ಎಲುಬು.' ಮಕ್ಕಳಿಗೆ ಮಜಾ ಆಗುತ್ತದೆ.

ಭೂವಿಜ್ಞಾನಿ: ಮೊದಲು ಇದನ್ನು ಅಳಿಸಿ. ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೇಲೇ ಬರೆದಿದ್ದಾರೆ. ನಾವು ಬಳಸುವುದು ನೀರು ಬೆರೆಸಿದ ಆ್ಯಸಿಡ್, ಅದೂ ಒಂದೇ ಹನಿ. ಅದರಿಂದ ಗೊತ್ತಾಗುವುದು ಸುಣ್ಣದ ಕಲ್ಲು ಹೌದೋ ಅಲ್ಲವೋ ಅಷ್ಟೇ. ನಿಮ್ಮ ಮನೆಯ ನೆಲಕ್ಕೆ ಹಾಕಿದರೂ ನೊರೆ ಬರುತ್ತದೆ, ನೆಲ ಡೈನೋಸಾರ್ ಆಗುವುದಿಲ್ಲ. ಆ ಆ್ಯಸಿಡ್ ಚರ್ಮ ಸುಡುತ್ತದೆ. ಬ್ಲೀಚಿಂಗ್ ಇರುವ ಜಾಗಕ್ಕೆ ಚೆಲ್ಲಿದರೆ ಕ್ಲೋರಿನ್ ಹೊಗೆ ಏಳುತ್ತದೆ, ಉಸಿರು ಕಟ್ಟುತ್ತದೆ. ನಾಲಿಗೆಯದ್ದು ಎಲುಬು ಗುರುತಿಸುವವರು ಮಾಡುವ ಹಳೆಯ ಪರೀಕ್ಷೆ ನಿಜ. ಆದರೆ ಅವರು ಹತ್ತಿ, ತೊಗರಿ ಹೊಲದ ಕಲ್ಲು ನೆಕ್ಕುವುದಿಲ್ಲ. ನಮ್ಮ ಕಡೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಗೊತ್ತಲ್ಲ? ಮಜಾ ಬೇಕಿದ್ದರೆ ಪರ್ಸಿ ಚೂರು ಪುಡಿ ಮಾಡಿ ಲಿಂಬೆರಸ ಹಿಂಡಿ. ಸಣ್ಣ ಗುಳ್ಳೆ ಬರುತ್ತವೆ, ಮಕ್ಕಳಿಗೆ ಅಷ್ಟು ಸಾಕು.

ಗಂಜ್ ಅಣ್ಣ: ಅಷ್ಟು ಸಿಟ್ಟು ಯಾಕೆ ಸರ್, ಒಳ್ಳೆಯದಾಗಲಿ ಅಂತ ಹಾಕಿದ್ದು.

ಸುರಪುರ ಮಾವ: ಕಲಬುರಗಿ ಹತ್ತಿರ ಎಲ್ಲಾದರೂ ಡೈನೋಸಾರ್ ಎಲುಬು ಇದೆಯಾ ಸರ್?

ಭೂವಿಜ್ಞಾನಿ: ಇಲ್ಲ. ಮೇಲೆ ಓದಿ.

ಗುರುಮಠಕಲ್ ಅಕ್ಕ: ಸರ್, ಡೈನೋಸಾರ್ ಅಲ್ಲ, ಆದರೂ ಕೇಳುತ್ತೇನೆ. ನಮ್ಮ ತವರಿನ ಹಳ್ಳದ ದಂಡೆಯಲ್ಲಿ ಕರಿಕಲ್ಲಿನ ನಡುವೆ ಬಿಳಿ ಬೂದು ಬಣ್ಣದ ತೆಳುವಾದ ಪದರ ಕಾಣುತ್ತದೆ. ಅದರ ಚೂರಿನಲ್ಲಿ ಸಣ್ಣ ಬಸವನಹುಳದ ಚಿಪ್ಪಿನಂಥದ್ದು ಇದೆ. ಮಗ ಒಂದು ಡಬ್ಬಿ ತುಂಬ ಕೂಡಿಸಿದ್ದಾನೆ. ಕಸವೋ, ಏನಾದರೂ ಇದೆಯೋ?

ಭೂವಿಜ್ಞಾನಿ: ಅಕ್ಕಾ, ಇವತ್ತಿನ ಒಳ್ಳೆಯ ಪ್ರಶ್ನೆ ಇದು! ಗುರುಮಠಕಲ್ ಸುತ್ತ ಇಂಥ ಪದರಗಳಿರುವುದು ನಮ್ಮವರಿಗೆ ಗೊತ್ತಿರುವ ವಿಷಯ. ಲಾವಾ ಒಂದೇ ಸಲ ಹರಿಯಲಿಲ್ಲ. ಒಮ್ಮೆ ಹರಿದು ತಣ್ಣಗಾದ ಮೇಲೆ ಎಷ್ಟೋ ಕಾಲ ಸುಮ್ನೆ ಇತ್ತು. ತಗ್ಗಿನಲ್ಲಿ ನೀರು ನಿಂತು ಕೆರೆಗಳಾದವು. ಕೆರೆಯಲ್ಲಿ ಪಾಚಿ, ಬಸವನಹುಳ, ಚಿಪ್ಪಿನ ಸಣ್ಣ ಜೀವಿಗಳು ಬಂದವು. ಮತ್ತೆ ಲಾವಾ ಬಂದು ಕೆರೆಯನ್ನೇ ಮುಚ್ಚಿತು. ಆ ಕೆರೆಯ ಕೆಸರೇ ನಿಮ್ಮ ಬಿಳಿ ಪದರ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ, ಎಳ್ಳಿಗಿಂತ ಚಿಕ್ಕ ಚಿಪ್ಪುಗಳನ್ನು ಅಲ್ಲಿಂದ ತೆಗೆದು ಅಧ್ಯಯನ ಮಾಡಿದ್ದಾರೆ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ದಖ್ಖನ್ನಿನ ಲಾವಾ ಹರಿದದ್ದೂ ಆಸುಪಾಸಿನಲ್ಲೇ. ಎಲುಬು ಸಿಗದೇ ಇರಬಹುದು, ನಿಮ್ಮ ಮಗ ಆ ಕಾಲದ ಬಾಗಿಲಲ್ಲೇ ಕೂತು ಆಡುತ್ತಿದ್ದಾನೆ.

ಚಿಪ್ಪು ಇತ್ತೀಚಿನ ಹುಳದ್ದೂ ಇರಬಹುದು, ಅದನ್ನು ಮೊದಲು ನೋಡಬೇಕು. ಕಲ್ಲಿನೊಳಗೆ ಗಟ್ಟಿಯಾಗಿ ಕೂತಿದೆಯೋ, ಮೇಲೆ ಸುಮ್ನೆ ಅಂಟಿದೆಯೋ? ಉಗುರಿನಿಂದ ಎಬ್ಬಿಸಿದರೆ ಬಂದರೆ ಹೊಸದು. ಕಲ್ಲನ್ನು ಒಡೆಯಬೇಡಿ. ತೊಳೆಯಲೂ ಬೇಡಿ. ಒಂದು ರೂಪಾಯಿ ನಾಣ್ಯ ಪಕ್ಕಕ್ಕಿಟ್ಟು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಯಾವ ಹಳ್ಳ, ಯಾವ ಎತ್ತರದಲ್ಲಿ ಸಿಕ್ಕಿತು ಅಂತ ಮಗನ ಕೈಯಲ್ಲೇ ಚೀಟಿ ಬರೆಸಿ ಡಬ್ಬಿಗೆ ಹಾಕಿ. ಚೀಟಿ ಇಲ್ಲದ ಕಲ್ಲು ನಮಗೆ ಉಪಯೋಗಕ್ಕೆ ಬರುವುದಿಲ್ಲ. ಫೋಟೋ ನನಗೆ ಬೇರೆಯಾಗಿ ಕಳಿಸಿ.

ಎಂಎಸ್‌ಕೆ ಮಿಲ್ ಅಪ್ಪ: ನಮಗೆ ಹಣದ ಚಿಂತೆ ಇಲ್ಲ, ದೊಡ್ಡ ಜಾಗ ಹೇಳಿ ಸರ್. ಮಗನಿಗೆ ಟಿ-ರೆಕ್ಸ್ ಬೇಕು. ಮೇ ತಿಂಗಳು ರಜೆ.

ಭೂವಿಜ್ಞಾನಿ: ಟಿ-ರೆಕ್ಸ್ ಅಮೆರಿಕದ್ದು. ನಮ್ಮಲ್ಲಿ ರಾಜಾಸಾರಸ್ ಇತ್ತು, ಮಾಂಸ ತಿನ್ನುವುದು, ಹಣೆಯ ಮೇಲೆ ಗಿಡ್ಡ ಕೊಂಬು. ಅದು ಸಿಕ್ಕ ಜಾಗ ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿ. 2003ರಲ್ಲಿ ಹೆಸರಿಟ್ಟರು, 2019ರಲ್ಲಿ ಅಲ್ಲಿ ಮ್ಯೂಸಿಯಂ ಆಯಿತು. ಬಯಲಲ್ಲಿ ಬಂಡೆಯೊಳಗೇ ಮೊಟ್ಟೆಗಳು ಕಾಣುತ್ತವೆ. ಗುಜರಾತಿನಲ್ಲೇ ಧೋಲಿ ಡುಂಗ್ರಿಯಲ್ಲಿ ಡೈನೋಸಾರ್ ಗೂಡಿಗೆ ನುಗ್ಗಿದ ಮೂರೂವರೆ ಮೀಟರ್ ಹಾವು, ಪಕ್ಕದಲ್ಲಿ ಮರಿ, ಮೊಟ್ಟೆ ಎಲ್ಲ ಒಟ್ಟಿಗೆ ಕಲ್ಲಾಗಿ ಸಿಕ್ಕಿವೆ. ದಾರಿಯಲ್ಲಿ ಮಗನಿಗೆ ಆ ಕಥೆ ಹೇಳಿ. ಸಿಕಂದರಾಬಾದ್–ರಾಜಕೋಟ್ ರೈಲು ಕಲಬುರಗಿ ಮೇಲೇ ಹೋಗುತ್ತದೆ, ಅಹಮದಾಬಾದಿನಲ್ಲಿ ಇಳಿದು ಕಾರು ಮಾಡಿ. ಆದರೆ ಮೇ ತಿಂಗಳಲ್ಲಿ ಬೇಡ. ಬಂಡೆ ಬಯಲಲ್ಲಿ ಮಗು ಬೇಯುತ್ತದೆ. ದೀಪಾವಳಿ ಕಳೆದ ಮೇಲೆ ಹೋಗಿ. ಅಲ್ಲಿಂದ ಚೂರು ಕಲ್ಲೂ ಎತ್ತಿಕೊಂಡು ಬರಬೇಡಿ.

ಎಂಎಸ್‌ಕೆ ಮಿಲ್ ಅಪ್ಪ: ಮೇ ತಿಂಗಳೇ ಆಗಬೇಕು. ಎಸಿ ಕಾರು ಇರುತ್ತದೆ.

ಜೇವರ್ಗಿ ಟೀಚರ್: ಕಾರಿಗೆ ಎಸಿ ಇರುತ್ತದೆ, ಬಂಡೆಗೆ ಇರುವುದಿಲ್ಲ.

ಎಂಎಸ್‌ಕೆ ಮಿಲ್ ಅಪ್ಪ: ನಿಮ್ಮನ್ನು ಯಾರು ಕೇಳಿದರು ಮೇಡಂ?

ಶರಣರ ಮನೆ: ಅವರು ಎಲ್ಲರಿಗೂ ಹಾಗೇ.

ಯಾದಗಿರಿ ಕಾಕಾ: ಈ ಖರ್ಚೆಲ್ಲ ಸುಮ್ನೆ. ಮೊಬೈಲಿನಲ್ಲಿ ತೋರಿಸಿದರೆ ಸಾಲದೇ?

ಸೇಡಂ ರಸ್ತೆ ಅಮ್ಮ: ಕಾಕಾ, ಮೊಬೈಲ್ ನೋಡಿಯೇ ಹುಚ್ಚು ಹಿಡಿದಿದ್ದು. ಅದು ಬಿಡಲಿ ಅಂತಲೇ ಹೊರಗೆ ಕರೆದೊಯ್ಯುವುದು.

ಸ್ಟೇಷನ್ ಬಜಾರ್: ಲಾಡ್ಜ್ ಬಗ್ಗೆ ಯಾರೂ ಹೇಳಲಿಲ್ಲ.

ಆಳಂದ ರೈತ: ಸರ್, ಇನ್ನೊಮ್ಮೆ ಫೋಟೋ ನೋಡಿ. ಬೇರೆ ಕಡೆಯಿಂದ ತೆಗೆದಿದ್ದೇನೆ.

ಭೂವಿಜ್ಞಾನಿ: ಕಲ್ಲು.

ಅಫಜಲಪುರ ಅಮ್ಮ: ಸರ್, ನಮ್ಮ ಕಡೆ ಎಲುಬು ಇರುವ ಜಾಗ ಹತ್ತಿರದಲ್ಲಿ...

ಭೂವಿಜ್ಞಾನಿ: ಹೈದರಾಬಾದ್. ಹೊರಡುವ ಮುಂಚೆ ಫೋನ್ ಮಾಡಿ ತೆರೆದಿದೆಯೇ ಕೇಳಿ. ಇನ್ನು ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ.

ಗಂಜ್ ಅಣ್ಣ: ಇಷ್ಟು ಬೇಸರ ಇದ್ದರೆ ಯಾಕೆ ಒಪ್ಪಿಕೊಂಡಿರಿ?

ಭೂವಿಜ್ಞಾನಿ: ಮಕ್ಕಳಿಗಾಗಿ. ಆ ರೀಲ್ ಇನ್ನೂ ಅಲ್ಲೇ ಇದೆ, ಅಳಿಸಿ. ಶಹಾಬಾದ್ ಅಪ್ಪಾರೇ, ಭಾನುವಾರದ ವಿಚಾರ ಏನು ಮಾಡಿದಿರಿ?

ಶಹಾಬಾದ್ ಅಪ್ಪ: ನೋಡೋಣ ಸರ್.

ಭೂವಿಜ್ಞಾನಿ: ನೋಡೋಣ ಅಲ್ಲ. ಬೇಡ. ಮಗಳಿಗೆ ಕಲ್ಲು ಬೇಕಿದ್ದರೆ ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಒಂದು ಕೋಣೆ ತುಂಬ ಇದೆ, ಎಲ್ಲದಕ್ಕೂ ಚೀಟಿ ಇದೆ.

ಅಡ್ಮಿನ್: ಕಾಮೆಂಟ್ ಬಂದ್ ಮಾಡುತ್ತಿದ್ದೇನೆ. ಆ್ಯಸಿಡ್ ರೀಲ್ ನಾನೇ ತೆಗೆದಿದ್ದೇನೆ. ಲಾಡ್ಜ್ ಕೇಳಿದವರು ಬೇರೆ ಪೋಸ್ಟ್ ಹಾಕಿ.