ಮುತ್ತಜ್ಜ ಯಾವ ಜಡ್ಡಿಗೆ ಹೋದ, ಯಾವಾಗ ಹೋದ? ಹೆಂಗ ಹುಡುಕೋದ್ರಿ?

ಪ್ರಶ್ನೆ (ಗದಗ ಕಡೆಯವರು, ಈಗ ಬೆಂಗಳೂರಾಗ):

ಸರ ನಮಸ್ಕಾರ್ರಿ. ನಮ್ಮ ಮುತ್ತಜ್ಜನ ಬಗ್ಗೆ ಹುಡುಕಾಕ ಹತ್ತೇನಿ. ದೊಡ್ಡ ಮನುಷ್ಯಾ ಏನಲ್ರಿ, ನಾಕ ಎಕರೆ ಎರಿ ಹೊಲ, ಒಂದು ಜೋಡಿ ಎತ್ತು, ಅಷ್ಟ. ಫೋಟೋ ಇಲ್ಲ, ಸಮಾಧಿ ಮ್ಯಾಲ ಕಲ್ಲಿಲ್ಲ. ನಮ್ಮ ಅಜ್ಜ ಸಣ್ಣ ಹುಡುಗ ಇದ್ದಾಗ "ಊರಿಗೆ ಜಡ್ಡು ಬಂದು" ಹೋದ ಅಂತ ಅಷ್ಟ ಮನಿಯಾಗ ಹೇಳ್ತಾರ, ದೊಡ್ಡಪ್ಪ ಅದು ಪ್ಲೇಗ ಅಂತಾನ, ಸೋದರತ್ತಿ ಕಾಲರಾ ಅಂತಾಳ, ಇನ್ನೊಬ್ರು ಹುಬ್ಬಳ್ಳಿ ರೈಲ್ವೆದಾಗ ಕೂಲಿ ಮಾಡ್ತಿದ್ದ, ಅಲ್ಲೇ ಸತ್ತ ಅಂತಾರ. ಆನ್‌ಲೈನ್‌ನಾಗ ಸರಕಾರದ "ಭೂಮಿ" ಅನ್ನೋ ಜಮೀನು ದಾಖಲೆ ತಾಣ ನೋಡಿದ್ರ ಇತ್ತೀಚಿಂದಷ್ಟ ಐತಿ. ಜನನ ಮರಣ ದಾಖಲೆ ಕೇಳಿದ್ರ ಅಷ್ಟು ಹಳೇದು ಇಲ್ರಿ ಅಂದು ಕಳಿಸಿದ್ರು. ಎಲ್ಲಿಂದ ಶುರು ಮಾಡ್ಲಿ?

ಉತ್ತರ (ತಾಲೂಕು ರೆಕಾರ್ಡ್ ರೂಮಿನ್ಯಾಗ ಕೆಲಸ ಮಾಡಿ ನಿವೃತ್ತರು):

ನಮಸ್ಕಾರ. ಮರಣ ದಾಖಲೆ ಸಿಗ್ಲಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ, ಈಗಿನ ಜನನ ಮರಣ ಕಾಯ್ದೆ ಬಂದದ್ದೇ 1969ರೊಳಗ, ಅದಕ್ಕಿಂತ ಹಿಂದಿನ ಊರ ಪುಸ್ತಕ ಉಳಿದಿದ್ರ ಅದು ನಿಮ್ಮ ಪುಣ್ಯ. ನಾನು ಎಲ್ಲಾರಿಗೂ ಹೇಳೋದು ಒಂದ ಮಾತು, ಮನುಷ್ಯಾನ್ನ ಹುಡುಕಬ್ಯಾಡ್ರಿ, ಹೊಲಾ ಹುಡುಕ್ರಿ. ನಿಮ್ಮ ಮುತ್ತಜ್ಜ ಹುಟ್ಟಿದ್ದು ಸರಕಾರಕ್ಕ ಬೇಕಾಗಿರಲಿಲ್ಲ, ಆದ್ರ ಆತ ಸತ್ತ ಮ್ಯಾಲ ಆ ನಾಕ ಎಕರೆದ ಕಂದಾಯ ಯಾರು ಕೊಡ್ತಾರ ಅನ್ನೋದು ಭಾಳ ಬೇಕಾಗಿತ್ತು. ಹಿಂಗಾಗಿ ಸಾದಾ ಮನುಷ್ಯಾ ಕಾಗದದಾಗ ಕಾಣೋದು ಸತ್ತಾಗ, ಸಾಲ ಮಾಡಿದಾಗ, ಅಣ್ಣತಮ್ಮರ ಜೋಡಿ ಜಗಳಾಡಿದಾಗ.

ಮೊದಲು ಈಗಿನ ಉತಾರ ತಗೀರಿ. ಮೈಸೂರು ಕಡೆಯವರು ಪಹಣಿ ಅಂತಾರಲ್ಲ, ಅದ. ನಿಮ್ಮ ಕಡೆ ಕೆಲವು ಊರಾಗ ಸರ್ವೇ ನಂಬರ್ ಬದಲಿ ಬ್ಲಾಕ್ ನಂಬರ್ ಇರ್ತದ, 1947ರ ಏಕತ್ರೀಕರಣ ಕಾಯ್ದೆ ಮ್ಯಾಲ ಸಣ್ಣ ಸಣ್ಣ ತುಂಡು ಕೂಡಿಸಿದಾಗ ಹಾಕಿದ್ದು, ಅದರ ಹಳೇ ರಿ.ಸ. (ರಿವಿಜನ್ ಸರ್ವೇ) ನಂಬರ್ ಯಾವುದು ಅಂತ ಮೊದಲು ತಿಳ್ಕೊಳ್ರಿ, ಇಲ್ಲಾಂದ್ರ ಬ್ಯಾರೆಯವರ ಹೊಲದ ಕಾಗದ ಓದ್ಕೋತ ಕೂಡ್ತೀರಿ. ಆಮ್ಯಾಲ ಕೈಬರಹದ ಉತಾರ, ಅದರ ಕಾಲಂನಾಗ ಡೈರಿ ನಂಬರ್ ಇರ್ತದ, ಡೈರಿ ಅಂದ್ರ ಹೊಲದ ಹಕ್ಕು ಬದಲಾದಾಗ ಬರದ ನೋಂದು, ಆ ನಂಬರ್ ಹಿಡಕೊಂಡು ಹಿಂದಕ್ಕ ಹಿಂದಕ್ಕ ಹೋಗ್ರಿ. ಒಂದೊಂದು ಡೈರಿ ಅಂದ್ರ ಒಂದೊಂದು ಸಣ್ಣ ಕಥಿ, ಯಾರು ವರ್ದಿ ಕೊಟ್ರು, ಯಾವ ತಾರೀಖು, ಯಾರು ಮಯತ ಆದ್ರು ಅಂದ್ರ ಸತ್ರು, ವಾರಸದಾರರು ಯಾರು. ಮುಂಬೈ ಇಲಾಖೆದಾಗ ಹಕ್ಕು ದಾಖಲೆ ಕಾಯ್ದೆ ಆದದ್ದು 1903ರೊಳಗ, ನಿಮ್ಮದು ಆಗ ಧಾರವಾಡ ಜಿಲ್ಲಾ, ಹಿಂಗಾಗಿ ಮುತ್ತಜ್ಜ ಆಮ್ಯಾಲ ಹೋಗಿದ್ರ ಸಿಗೋ ಆಸೆ ಅದ. ಅದಕ್ಕಿಂತ ಹಿಂದ ಹೋದ್ರ ಕೆಲವು ಕಾಗದ ಮೋಡಿ ಲಿಪಿಯೊಳಗ ಇರ್ತಾವ, ನೋಡಿ ಗಾಬರಿ ಆಗಬ್ಯಾಡ್ರಿ, ಅದು ಹರಿಯೋ ನೀರಿನಂಗ ಬರದ ಮರಾಠಿ, ಓದೋರು ಇನ್ನೂ ಅದಾರ.

ರೈಲ್ವೆ ಕೂಲಿದು ಬಿಡ್ರಿ. ಸದರ್ನ್ ಮರಾಠಾ ರೈಲ್ವೆ ಕಾಲದ ಕೂಲಿಯವರ ಕಾಗದ ಸಿಗ್ತದ ಅಂತ ನಾ ಆಸೆ ಹಚ್ಚಂಗಿಲ್ಲ.

ಇನ್ನ ಪ್ಲೇಗೋ ಕಾಲರಾವೋ ಅನ್ನೋದಕ್ಕ ಒಂದು ಪ್ರಶ್ನೆ ಕೇಳ್ರಿ ಮನಿಯಾಗ. "ಆಗ ಊರು ಬಿಟ್ಟು ಹೊಲದಾಗ ಗುಡಿಸ್ಲಾ ಹಾಕ್ಕೊಂಡಿದ್ರೇನು?" ಅಂತ. ಪ್ಲೇಗಿನ್ಯಾಗ ಇಲಿ ಬಿದ್ದುವು ಅಂದ್ರ ಮಂದಿ ಮನಿ ಕೀಲಿ ಹಾಕಿ ಹೊಲಕ್ಕ ಹೋಗ್ತಿದ್ರು, ಆ ನೆನಪು ಅಷ್ಟು ಲಗೂನ ಅಳಿಯಂಗಿಲ್ಲ.

ಕಾಮೆಂಟ್ (ತುಮಕೂರಿನವರು):

ಸಾರ್, ನಮ್ಮ ಕಡೆಗೂ ಇದೇ ದಾರಿನಾ? ನಮ್ಮ ತಾತನ ಅಪ್ಪ ಶಾನುಭೋಗರ ಹತ್ರ ಲೆಕ್ಕ ಬರೀತಿದ್ರಂತೆ, ಹಳೇ ಪತ್ರದಲ್ಲಿ ಹೆಸರಿನ ಮುಂದೆ ಬಿನ್ ಬಿನ್ ಅಂತ ಎರಡು ಸಲ ಇದೆ, ಅದೇನು ಅಂತ ಅರ್ಥ ಆಗ್ಲಿಲ್ಲ.

ಉತ್ತರ:

ದಾರಿ ಅದ, ಹೆಸರು ಬ್ಯಾರೆ. ಮೈಸೂರು ಸಂಸ್ಥಾನದಾಗ ಹಕ್ಕು ದಾಖಲೆ ಕಾನೂನು 1927ರದ್ದು, ಹಿಂಗಾಗಿ ಅದಕ್ಕಿಂತ ಹಿಂದ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಪಟ್ಟಿ), ಸರ್ವೇದವರ ಪುಸ್ತಕ ನೋಡ್ಬೇಕಾಗ್ತದ. ಶಾನುಭೋಗಿಕೆ, ಪಟೇಲಿಕೆ ಎಲ್ಲಾ 1963ರ ಫೆಬ್ರವರಿಯೊಳಗ ಮುಗೀತು, ಆಗ ದಫ್ತರ ತಾಲೂಕಿಗೆ ಬರ್ಬೇಕಿತ್ತು, ಒಂದಿಷ್ಟು ಬಂತು, ಒಂದಿಷ್ಟು ಅವರ ಅಟ್ಟದ ಮ್ಯಾಲ ಉಳೀತು. ಆ ಮನಿತನದವರನ್ನ ಕೇಳಿ ನೋಡ್ರಿ, ಬಾಯಿ ತುಂಬ ಮಾತಾಡಿಸಿದ್ರ ಪೆಟ್ಟಿಗಿ ತಗೀತಾರ. ಮತ್ತ ಬಿನ್ ಅಂದ್ರ ಮಗ, ಎರಡು ಸಲ ಬಂದ್ರ ಇಂಥವನ ಮಗ ಇಂಥವ, ಅವನ ಮಗ ಈತ ಅಂತ. ಒಂದ ಸಾಲಿನ್ಯಾಗ ಮೂರು ತಲಿ ಸಿಕ್ಕಾವ ನಿಮಗ, ಪುಣ್ಯವಂತರು!

ಕಾಮೆಂಟ್ (ಕಲಬುರಗಿ ಕಡೆಯ ಒಬ್ಬ ತಾಯಿ):

ಅಣ್ಣಾವ್ರೇ ಹೊಲ ಇದ್ದವರ ಮಾತಾಯ್ತು. ನಮ್ಮವರಿಗಿ ಹೊಲಾನೇ ಇರಲಿಲ್ಲ, ಗೌಡರ ಮನ್ಯಾಗ ದುಡದವ್ರು. ನಾವೇನು ಹುಡುಕೋಣ್ರಿ?

ಉತ್ತರ:

ತಂಗಿ, ಇದು ಖರೇ ಪ್ರಶ್ನೆ, ನಾನ ಮೊದಲ ಬರೀಬೇಕಾಗಿತ್ತು, ತಪ್ಪಾತು. ಹೊಲ ಸ್ವಂತ ಇಲ್ಲದವರು ಕಾಗದದಾಗ ಬರೋದು ತಡಾ, ಆದ್ರ ಬಂದಾಗ ಚೊಲೋ ಬರ್ತಾರ. ನಿಮ್ಮ ಹಿರೇರು ಪಾಲಿಗೋ ಕೋರಿಗೋ ಯಾರದರ ಹೊಲ ಮಾಡಿದ್ರ 1974ರ ಭೂ ಸುಧಾರಣಾ ತಿದ್ದುಪಡಿ ಆದ ಮ್ಯಾಲ ಫಾರಂ ನಂಬರ್ 7, ಅಂದ್ರ ಉಳೋ ಹೊಲ ನಮ್ಮ ಹೆಸರಿಗೆ ಮಾಡ್ರಿ ಅನ್ನೋ ಅರ್ಜಿ, ಹಾಕಿರಬಹುದು. ಆ ಭೂ ನ್ಯಾಯಮಂಡಳಿ ಫೈಲು ಎಲ್ಲಿ ಇಟ್ಟಾರ ಅಂತ ತಾಲೂಕಿನ್ಯಾಗ ಕೇಳ್ರಿ. ಆರ್ಡರ್ ಕಾಪಿ ಅಷ್ಟ ತಗೊಂಡು ಬರಬ್ಯಾಡ್ರಿ, ಒಳಗಿನ ಜವಾಬು ಓದ್ರಿ. "ನಮ್ಮ ಅಪ್ಪನ ಕಾಲದಿಂದ ನಾವ ಮಾಡ್ಕೋತ ಬಂದೀವಿ, ಬಾವಿ ತೋಡಿದ್ದು ನಾವ" ಅಂತ ಮನುಷ್ಯಾ ಹೇಳಿದ್ದನ್ನ ಕಾರಕೂನ ಬರ್ಕೊಂಡಿರ್ತಾನ. ನಾ ಹಂತಾ ಫೈಲು ರಗಡ ಓದೇನಿ, ಅದು ಅವರ ಮಾತಿಗೆ ಭಾಳ ಹತ್ತಿರ.

ಇನ್ನ ತಳವಾರಕಿ, ವಾಲೀಕಾರಕಿ ಹಂತಾ ಊರ ಚಾಕರಿ ಮನಿತನ ಆಗಿದ್ರ ಚಾಕರಿ ಜಮೀನಿನ ಫೈಲು ಇರ್ಬಹುದು, ಗ್ರಾಮ ಹುದ್ದೆ ರದ್ದಾದ ಮ್ಯಾಲ ಆ ಜಮೀನು ಮತ್ತ ಮಂಜೂರು ಮಾಡಿಸ್ಕೊಳ್ಳಿಕ್ಕ ಅರ್ಜಿ ಹಾಕೋವಾಗ ಮನಿತನದ ಸಾಲು ಬರಕೊಟ್ಟಿರ್ತಾರ. ಕಿರಿಸ್ತಾನರಾಗಿದ್ರ ಚರ್ಚಿನ ದೀಕ್ಷಾಸ್ನಾನ, ಮದುವಿ ರಜಿಸ್ಟರ್. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯೊಳಗ ಬಾಸೆಲ್ ಮಿಷನ್‌ದವರು 1837ರಿಂದ 1841ರೊಳಗ ಬಂದು ಕೂತಾರ, ಅವರು ಕಾಗದದ ವಿಷಯದಾಗ ಭಾಳ ಶಿಸ್ತಿನವರು.

ಮತ್ತ ಸಾಲಿ. ಕನ್ನಡ ಸಾಲಿ ನೂರು ವರ್ಷ ದಾಟಿದ್ದು ನಮ್ಮ ಕಡೆ ರಗಡ ಅದಾವ, ದಾಖಲಾತಿ ರಜಿಸ್ಟರ್ ಕೇಳ್ರಿ. ಒಂದು ಮಾತು, ಅದರೊಳಗಿನ ಹುಟ್ಟಿದ ತಾರೀಖು ನಂಬಬ್ಯಾಡ್ರಿ, ಅರ್ಧಾ ಊರು ಜೂನ್ 1ಕ್ಕ ಹುಟ್ಟಿರ್ತದ! ಮಾಸ್ತರು ಹುಡುಗನ್ನ ನೋಡಿ ಅಂದಾಜು ಬರದದ್ದದು. ಆದ್ರ ಅಪ್ಪನ ಹೆಸರು, ಕಸಬು, ಯಾಕ ಸಾಲಿ ಬಿಟ್ಟ ಅನ್ನೋ ಕಾಲಂ ಇರ್ತಾವ, ಅವನ್ನ ಓದ್ರಿ.

ಕಾಮೆಂಟ್ (ಬೆಳಗಾವಿ):

ಹೆಳವರನ್ನ ಯಾಕ ಬಿಟ್ರಿ ಸರ? ನಮ್ಮ ಮನಿಗೆ ಈಗೂ ಬರ್ತಾರ.

ಉತ್ತರ:

ಬಿಟ್ಟಿಲ್ಲ, ಬರೋವಿದ್ದೆ. ಹೆಳವರು ಎತ್ತಿನ ಮ್ಯಾಲ ಗಂಟಿ ಬಾರಿಸ್ಕೋತ ಸುಗ್ಗಿ ಆದ ಮ್ಯಾಲ ಬಂದು ನಿಮ್ಮ ಮನಿತನದ ಮೂಲ ಊರು, ಬೆಡಗು (ಕುಲದ ಹೆಸರು), ತಲಿತಲಿ ಹೆಸರು ಹೇಳ್ತಾರ. ನಮ್ಮ ರೆಕಾರ್ಡ್ ರೂಮಿನ್ಯಾಗ ಇಲ್ಲದ್ದು ಅವರ ಪುಸ್ತಕದಾಗ ಅದ, ಸರ್ವೇ ಬರೋಕ್ಕಿಂತ ಹಿಂದಿಂದು. ನನ್ನ ಅನುಭವದಾಗ ಅವರು ಹೇಳೋ ಮೂಲ ಊರು ಹೆಚ್ಚಾಗಿ ಹೊಂದ್ತದ, ಇಸ್ವಿ ಮಾತ್ರ ಕೇಳಬ್ಯಾಡ್ರಿ. ಹೆಣ್ಣಮಕ್ಕಳ ಹೆಸರು ಕಡಿಮಿ. ಮತ್ತ ಅಜ್ಜನ ಹೆಸರು ಮೊಮ್ಮಗಗ ಇಡೋ ರೂಢಿ ನಮ್ಮದು, ಹಿಂಗಾಗಿ ಒಂದ ಹೆಸರು ಒಂದು ತಲಿ ಬಿಟ್ಟು ಒಂದು ತಲಿಗೆ ಬರ್ತದ, ಅಜ್ಜನ ಸಾಲ ಮೊಮ್ಮಗನ ತಲಿಗೆ ಕಟ್ಟಿ ಕುಂತವರನ್ನ ನೋಡೇನಿ. ಬಂದಾಗ ಮೊಬೈಲ್‌ನಾಗ ರೆಕಾರ್ಡ್ ಮಾಡ್ಕೊಳ್ರಿ, ಕಾಳು ಕೊಡೋವಾಗ ಕೈ ಬಿಗಿ ಹಿಡೀಬ್ಯಾಡ್ರಿ.

ಪ್ರಶ್ನೆ ಕೇಳಿದವರು (ಸುಮಾರು 2 ತಿಂಗಳು ಬಿಟ್ಟು):

ಸರ ಸಿಕ್ಕೇತಿ!! ಉತಾರ ಹಿಡಕೊಂಡು ಹಿಂದ ಹೋದೆ, ಮೂರು ಸಲ ಊರಿಗೆ ಹೋಗ್ಬೇಕಾತು, ಒಂದು ಪುಸ್ತಕ ಅರ್ಧ ಗೆದ್ದಲ ತಿಂದಿತ್ತು, ನಮ್ಮ ಪುಟ ಉಳದಿತ್ತು. 1919ರ ಡೈರಿ. "ಖಾತೆದಾರ ಮಯತನಾಗಿ ಸುಮಾರು 8 ತಿಂಗಳಾಯಿತು, ವಾರಸ ಮಗ ಅಜ್ಞಾನ, ವಯಸ್ಸು 6, ಅ.ಪಾ.ಕ. ತಾಯಿ" ಅಂತ ಬರದು ಮುಂದ ಒಂದು ಹೆಸರೈತಿ. ಅಜ್ಞಾನ ಅಂದ್ರೇನ್ರಿ, ನಮ್ಮ ಅಜ್ಜ ದಡ್ಡ ಇದ್ದ ಅಂತನ? ಅ.ಪಾ.ಕ. ಗೊತ್ತಾಗ್ಲಿಲ್ಲ.

ಇನ್ನೊಂದು. ಹಳೇ ಪೆಟ್ಟಿಗ್ಯಾಗ ಮುತ್ತಜ್ಜನ ತಮ್ಮ ಬರದ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಸಿಕ್ಕೇತಿ. "ಶಕೆ 1840 ಕಾಳಯುಕ್ತಿ ಸಂವತ್ಸರ ಆಶ್ವೀಜ ವದ್ಯ 5, ಅಣ್ಣ ಹೋದ, ಬಟ್ಟೆ ಬಾಬ್ತು 1 ರೂ. 4 ಆಣೆ" ಅಂತ. ಕೆಳಗ ಎರಡು ದಿನ ಬಿಟ್ಟು "ಕೂಸೂ ಹೋಯಿತು" ಅಂತ ಐತಿ, ಅದರ ಮುಂದ ಲೆಕ್ಕ ಏನೂ ಬರದಿಲ್ಲ. ಆ ಕೂಸಿನ ಸುದ್ದಿ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ರಿ. ಗುಡಿಸ್ಲಾ ಕೇಳಿದೆ, ಹೊಲದಾಗ ಗುಡಿಸ್ಲಾ ಹಾಕಿದ ನೆನಪು ಯಾರೂ ಹೇಳ್ಲಿಲ್ಲ.

ಉತ್ತರ:

ಅಜ್ಞಾನ ಅಂದ್ರ ಅಲ್ಪವಯಸ್ಸಿನವ ಅಂತ್ರಿ, ಮರಾಠಿಯಿಂದ ಬಂದದ್ದು, ನಿಮ್ಮ ಅಜ್ಜಗ ಬೈದಿಲ್ಲ. ಅ.ಪಾ.ಕ. ಅಂದ್ರ ಅಜ್ಞಾನ ಪಾಲನ ಕರ್ತ. ಅಂದ್ರ ಆ ಹೆಣ್ಣಮಗಳು ಸಣ್ಣ ಹುಡುಗನ್ನ ಮುಂದ ಮಾಡ್ಕೊಂಡು ಕಂದಾಯ ಕಟ್ಟಿ ಹೊಲಾ ಉಳಿಸ್ಯಾಳ.

ತಾರೀಖು ನೋಡ್ರಿ. ಶಕೆಗೆ 78 ಕೂಡಿಸಿದ್ರ 1918. ಕಾಳಯುಕ್ತಿನೂ 1918, ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರ್ತದ, ಮುಂದಿಂದು 1978, ಹಿಂಗಾಗಿ ಬರೇ ಸಂವತ್ಸರ ಇದ್ರ ಅನುಮಾನ ಇಟ್ಕೋಬೇಕು, ನಿಮ್ಮದಕ್ಕ ಶಕೆ ಜೋಡಿ ಅದ, ಛಲೋ ಆತು. ವದ್ಯ ಅಂದ್ರ ಕೃಷ್ಣ ಪಕ್ಷ, ಆಶ್ವೀಜ ವದ್ಯ ಪಂಚಮಿ ಅಂದ್ರ ಅಕ್ಟೋಬರ್ ಕೊನೀ ವಾರದ ಹೊತ್ತಿಗೆ, ದೀಪಾವಳಿ ಹತ್ತು ದಿನ ಇದ್ದಾಗ. ಅಲ್ಲಿಂದ 8 ತಿಂಗಳಿಗೆ ವರ್ದಿ, ಸರಿ ಹೊಂದ್ತದ. ಆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗ ಇಡೀ ಹಿಂದುಸ್ತಾನದಾಗ ಇನ್ಫ್ಲುಯೆಂಜಾ ಒಂದು ಕೋಟಿಗೂ ಹೆಚ್ಚು ಮಂದೀನ್ನ ತಗೊಂಡು ಹೋತು, ಅದೂ ಮುದುಕರನ್ನ ಬಿಟ್ಟು ದುಡಿಯೋ ವಯಸ್ಸಿನವರನ್ನ ಜಾಸ್ತಿ. ಗಟ್ಟಿ ಗಂಡಸು, ಮನಿಯಾಗ ಕೂಸು, ಎರಡು ದಿನದ ಅಂತರ, ಊರು ಬಿಟ್ಟ ನೆನಪಿಲ್ಲ. ಕಾಗದದಾಗ ಜಡ್ಡಿನ ಹೆಸರು ಬರದಿಲ್ಲ, ಹಿಂಗಾಗಿ ಆಣಿ ಮಾಡಿ ಹೇಳಂಗಿಲ್ಲ, ಆದ್ರ ನನ್ನ ಅಭಿಪ್ರಾಯ ಕೇಳಿದ್ರ ದೊಡ್ಡಪ್ಪಗ ಪ್ಲೇಗ ಅಲ್ಲ ಅಂತ ಹೇಳ್ರಿ. ಹುಬ್ಬಳ್ಳಿದಾಗ ಸತ್ತ ಅನ್ನೋದನ್ನೂ ಬಿಡ್ರಿ, ಮುತ್ತಜ್ಜನ ತಮ್ಮ ಹೆಣದ ಬಟ್ಟೆ ಲೆಕ್ಕ ಬರದದ್ದು ನೋಡಿದ್ರ ಮಣ್ಣು ಮನಿಯಿಂದನ ಆಗೇದ.

ಪ್ರಶ್ನೆ ಕೇಳಿದವರು:

ಸರ ನಮ್ಮ ಸೋದರತ್ತಿಗೆ 84 ವರ್ಷ. ಡೈರಿ ಓದಿ ಆ ಹೆಸರು ಹೇಳಿದೆ. "ಯಾರಪಾ ಅಕಿ?" ಅಂದ್ಲು. ನಿಮ್ಮ ಅಜ್ಜಿ ಅಂದೆ. ಮನ್ಯಾಗ ಎಲ್ಲಾರೂ ದೊಡ್ಡವ್ವ ದೊಡ್ಡವ್ವ ಅಂತಿದ್ರಂತ, ಸಾಯೋತನ ಹೆಸರು ಯಾರೂ ಕೇಳೇ ಇಲ್ಲ. ಸ್ವಲ್ಪ ಹೊತ್ತು ಸುಮ್ನ ಕುಂತು ಇನ್ನೊಮ್ಮೆ ಹೇಳು ಅಂದ್ಲು. ಮುಂದ ಏನರ ಸಿಗ್ತೈತೇನ್ರಿ ಆಕಿದು?

ಉತ್ತರ:

ಸಿಗ್ತದ, ನಿಲ್ಲಬ್ಯಾಡ್ರಿ. ಹುಡುಗ 1919ರಾಗ 6 ವರ್ಷದಾವ ಅಂದ್ರ 1931ರ ಸುಮಾರು ವಯಸ್ಸಿಗೆ ಬಂದಿರ್ತಾನ, ಆಗ ಅ.ಪಾ.ಕ. ಕಮ್ಮಿ ಮಾಡಿದ ವರ್ದಿ ಒಂದು ಇರ್ಬೇಕು, ಅದನ್ನ ತಗೀರಿ, ಆಗ ಆಕಿ ಬದುಕಿದ್ದು ಗೊತ್ತಾಗ್ತದ. ನಡುವಿನ 12 ವರ್ಷದಾಗ ಹೊಲಾ ಗಹಾಣ (ಅಡಮಾನ) ಇಟ್ಟಿದ್ಲೋ ಏನೋ, ಹಕ್ಕಿನ ಕಾಲಂ ನೋಡ್ರಿ, ಇದ್ರ ಸಬ್‌ರಜಿಸ್ಟ್ರಾರ್ ಆಫೀಸಿನ್ಯಾಗ ಹೆಸರಿನ ಇಂಡೆಕ್ಸ್ ಹುಡುಕಲಿಕ್ಕೆ ಅರ್ಜಿ ಹಾಕ್ರಿ, ವರ್ಷ ಇಂಥದ್ದರಿಂದ ಇಂಥದ್ದರ ತನಕ ಅಂತ ಬರೀರಿ, ಫೀ ವರ್ಷದ ಲೆಕ್ಕದ ಮ್ಯಾಲ ಇರ್ತದ. ಪತ್ರ ಸಿಕ್ರ ಆಕಿ ಹೆಬ್ಬೆಟ್ಟು ಎಲ್ಲರ ಉಳದದೇನು ಅಂತ ಕೇಳ್ರಿ. ಮತ್ತ ಆ 1919ರ ಪುಟದ ಸರ್ಟಿಫೈಡ್ ನಕಲು ಇವತ್ತ ಅರ್ಜಿ ಹಾಕಿ ತಗೋರಿ, ಭೂ ಸುರಕ್ಷಾ ಅಂತ ಹಳೇ ಕಾಗದ ಸ್ಕ್ಯಾನ್ ಮಾಡ್ಲಿಕತ್ತಾರ ಖರೇ, ಗೆದ್ದಲಕ್ಕ ಅದು ಗೊತ್ತಿಲ್ಲಲ್ಲ.