ಸ್ಟ್ರಾಟೋಕಾಸ್ಟರ್‌ಗೆ ಹೊಸ ನೆಕ್: ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿಗಳು ಎತ್ತರದಲ್ಲೇ ಇವೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಹಳೆಯ ನೆಕ್ (ಬಾಡಿಯಿಂದ ಚಾಚಿದ ಉದ್ದನೆಯ ಕೈ) ತಿರುಚಿಕೊಂಡಿದ್ದರಿಂದ 22 ಫ್ರೆಟ್‌ಗಳ (ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ) ಹೊಸ ಮೇಪಲ್ ಮರದ ನೆಕ್ ತರಿಸಿ, ನಾಲ್ಕು ಸ್ಕ್ರೂಗಳಿಂದ ಕೂರಿಸಿ, 10–46ರ (ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ) ತಂತಿಗಳನ್ನು ಹಾಕಿದ್ದೇನೆ. ಈಗ ಆರೂ ಸ್ಯಾಡಲ್‌ಗಳನ್ನು (ಬಾಡಿಯ ಕಡೆ ತಂತಿಗಳನ್ನು ಹೊರುವ ಆಸರೆಗಳನ್ನು) ತಳಕ್ಕೆ ತಾಗುವವರೆಗೆ ಇಳಿಸಿದರೂ 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ 2.6 ಮಿ.ಮೀ.ಗಿಂತ ಕಡಿಮೆಯಾಗುತ್ತಿಲ್ಲ. ಬಿಟ್ಟ ತಂತಿಗಳ ಶ್ರುತಿ ಸರಿಯಿದ್ದರೂ ಮೊದಲ ಫ್ರೆಟ್‌ನ ಸ್ವರಗಳೆಲ್ಲ ಏರಿ ಕೇಳುತ್ತವೆ. ಅತಿ ಸಣ್ಣ ತಂತಿಯಂತೂ ಫ್ರೆಟ್‌ಗಳ ಅಂಚಿಗೆ ಬಂದು ನಿಂತಿದೆ. ಮೇಲಿನ ಫ್ರೆಟ್‌ಗಳಲ್ಲಿ ಒತ್ತಿದರೆ ಹೊರಕ್ಕೆ ಜಾರುತ್ತದೆ. ಟ್ರಸ್ ರಾಡ್ (ನೆಕ್‌ನೊಳಗಿನ ಲೋಹದ ಸರಳು) ಬಿಗಿಸಿದರೆ ಎತ್ತರ ಇಳಿಯುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ

ನಮಸ್ಕಾರ. ದಯವಿಟ್ಟು ಟ್ರಸ್ ರಾಡನ್ನು ಸದ್ಯಕ್ಕೆ ಮುಟ್ಟಬೇಡಿ. ಅದು ಇರುವುದು ತಂತಿಗಳ ಎಳೆತಕ್ಕೆ ಎದುರಾಗಿ ನಿಂತು ನೆಕ್‌ನ ಬಾಗನ್ನು ಹದದಲ್ಲಿಡುವುದಕ್ಕೆ. ತಂತಿಯ ಎತ್ತರವನ್ನು ಸರಿಪಡಿಸಲು ಅದನ್ನು ಬಿಗಿಸುತ್ತಾ ಹೋದರೆ ನೆಕ್ ಹಿಮ್ಮುಖವಾಗಿ ಬಾಗಿ, ಮೊದಲ ಕೆಲವು ಫ್ರೆಟ್‌ಗಳಲ್ಲಿ ತಂತಿ ಕರಕರ ಎನ್ನತೊಡಗುತ್ತದೆ, ಮೂಲ ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ನಿಮ್ಮ ಮೂರು ತೊಂದರೆಗಳಲ್ಲಿ ಎರಡು ನೆಕ್ ಪಾಕೆಟ್‌ನಲ್ಲಿ (ನೆಕ್ ಕೂರುವ ಬಾಡಿಯ ಗುಳಿಯಲ್ಲಿ) ಇವೆ ಎಂಬುದು ನನ್ನ ಬಲವಾದ ಅನುಮಾನ.

ನೆಕ್ ಬಿಚ್ಚುವ ಮೊದಲು ಒಂದು ಅಳತೆ ತೆಗೆದುಕೊಳ್ಳಿ. ಈ ಮಾದರಿಯ ಸ್ಕೇಲ್ ಉದ್ದ (ತಂತಿಯ ಕಂಪಿಸುವ ಭಾಗದ ಉದ್ದ) 25.5 ಇಂಚು, ಅಂದರೆ ಸುಮಾರು 648 ಮಿ.ಮೀ. ಆದ್ದರಿಂದ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿಗಳು ಹಾಯುವ ಕಚ್ಚುಗಳ ಪಟ್ಟಿಯಿಂದ) 12ನೇ ಫ್ರೆಟ್‌ನ ನಡುವಿಗೆ 324 ಮಿ.ಮೀ. ಇರಬೇಕು, ಅಲ್ಲಿಂದ ಅತಿ ಸಣ್ಣ ತಂತಿಯ ಸ್ಯಾಡಲ್‌ಗೂ ಅಷ್ಟೇ ಅಥವಾ ಒಂದೆರಡು ಮಿ.ಮೀ. ಹೆಚ್ಚು ಇರಬೇಕು. ಇದು ಹೊಂದದಿದ್ದರೆ ಮುಂದಿನ ಯಾವ ಹೊಂದಾಣಿಕೆಯೂ ಫಲ ಕೊಡುವುದಿಲ್ಲ. 22ನೇ ಫ್ರೆಟ್ ಇರುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ಅದು ಪಾಕೆಟ್‌ನ ಆಚೆಗೆ ಚಾಚಿದ ಫಿಂಗರ್‌ಬೋರ್ಡ್‌ನ (ಫ್ರೆಟ್‌ಗಳಿರುವ ಹಲಗೆಯ) ಮೇಲಿರುತ್ತದೆ.

ಬಳಿಕ ನೆಕ್ ಬಿಚ್ಚಿ, ಹಳೆಯ ಮತ್ತು ಹೊಸ ನೆಕ್‌ಗಳ ಹೀಲ್‌ನ (ಪಾಕೆಟ್‌ನಲ್ಲಿ ಕೂರುವ ತುದಿಯ) ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಹೊಸದು ತೆಳುವಾಗಿದ್ದರೆ ಫಿಂಗರ್‌ಬೋರ್ಡ್ ಅಷ್ಟೇ ಕೆಳಗೆ ಕೂತಿರುತ್ತದೆ, ತಂತಿಗಳು ಅಷ್ಟೇ ಎತ್ತರದಲ್ಲಿ ಉಳಿದಿರುತ್ತವೆ. ಪಾಕೆಟ್‌ನ ಹೊರ ಅಂಚಿನಲ್ಲಿ ಬಣ್ಣದ ಗಡ್ಡೆಯೋ ಮರದ ಚೂರೋ ಇದೆಯೇ ಎಂದು ನೋಡಿ. ಅಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ನೆಕ್ ಮುಂದಕ್ಕೆ ವಾಲಿ ಇದೇ ಲಕ್ಷಣ ಕಾಣಿಸುತ್ತದೆ.

ಸ್ಕ್ರೂಗಳ ವಿಷಯವನ್ನು ಬಹಳ ಜನ ಕಡೆಗಣಿಸುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳವೇ ಅದು. ಸ್ಕ್ರೂ ಬಾಡಿಯ ರಂಧ್ರದಲ್ಲಿ ಸಡಿಲವಾಗಿ ಜಾರಬೇಕು, ಅದರ ಸುರುಳಿ ಎಳೆಗಳು ನೆಕ್‌ನ ಮರವನ್ನು ಮಾತ್ರ ಕಚ್ಚಬೇಕು. ಬಾಡಿಯನ್ನೂ ಕಚ್ಚಿದರೆ ಎರಡು ಮರಗಳ ನಡುವಿನ ಸಂದು, ಎಷ್ಟೇ ಬಲ ಹಾಕಿ ಬಿಗಿಸಿದರೂ, ಮುಚ್ಚುವುದಿಲ್ಲ. ಹಾಗಿದ್ದರೆ ಬಾಡಿಯ ರಂಧ್ರಗಳನ್ನು 4.5 ಮಿ.ಮೀ. ಬಿಟ್‌ನಿಂದ ಹಿಗ್ಗಿಸಿ. ನೆಕ್‌ನಲ್ಲಿ ಹೊಸ ರಂಧ್ರ ಕೊರೆಯಬೇಕಾಗಿ ಬಂದರೆ ಮೇಪಲ್‌ಗೆ ಸುಮಾರು 3.2 ಮಿ.ಮೀ. ಬಿಟ್ ಸಾಕು; ಆಳದ ಗುರುತಿಗೆ ಬಿಟ್‌ಗೆ ಟೇಪ್ ಸುತ್ತಿ, ಸ್ಕ್ರೂಗೆ ಮೇಣದಬತ್ತಿಯ ಮೇಣ ಸವರಿ. ಸಾಬೂನು ಬೇಡ, ಅದು ತೇವವನ್ನು ಎಳೆದುಕೊಳ್ಳುತ್ತದೆ.

ಇನ್ನೊಬ್ಬರ ಉತ್ತರ

ಇಷ್ಟೆಲ್ಲ ಬೇಕೇ ಸರ್? ಪಾಕೆಟ್‌ನ ಒಳತುದಿಯಲ್ಲಿ ವಿಸಿಟಿಂಗ್ ಕಾರ್ಡಿನ ತುಂಡೊಂದನ್ನು ಇಟ್ಟರೆ ನೆಕ್ ಹಿಂದಕ್ಕೆ ವಾಲಿ ತಂತಿಗಳು ಇಳಿಯುತ್ತವೆ. ಕಾರ್ಖಾನೆಯಿಂದ ಬಂದ ಗಿಟಾರ್‌ಗಳಲ್ಲಿಯೂ ಇಂತಹ ತುಂಡುಗಳನ್ನು ಕಂಡಿದ್ದೇನೆ.

ಉತ್ತರ

ನೀವು ಹೇಳಿದ್ದು ನಿಜ, ಆ ಉಪಾಯ ಕೆಲಸ ಮಾಡುತ್ತದೆ. ಆದರೆ ದಪ್ಪ ಕಡಿಮೆಯಾಗಿರುವುದು ಒಂದು ವಿಷಯ, ಕೋನ ತಪ್ಪಿರುವುದು ಇನ್ನೊಂದು. ಪಾಕೆಟ್ ತುಂಬ ಸಮನಾದ ಶಿಮ್ (ಸಂದು ತುಂಬುವ ತೆಳುಹಲಗೆ) ಹಾಕಿದರೆ ಅದರ ದಪ್ಪದಷ್ಟೇ ತಂತಿಗಳು ಇಳಿಯುತ್ತವೆ. ಕೋನ ಬದಲಾದರೆ ಅರ್ಧ ಡಿಗ್ರಿಗೇ ಸ್ಯಾಡಲ್‌ಗಳನ್ನು ಒಂದೂವರೆ ಮಿ.ಮೀ.ಗಿಂತ ಹೆಚ್ಚು ಎತ್ತಬೇಕಾಗುತ್ತದೆ. ಜೊತೆಗೆ, ಒಂದೇ ತುದಿಯಲ್ಲಿ ತುಂಡಿಟ್ಟಾಗ ಹೀಲ್‌ನ ನಡುಭಾಗ ಟೊಳ್ಳಿನ ಮೇಲೆ ನಿಲ್ಲುತ್ತದೆ, ವರ್ಷಗಳ ಬಿಗಿತದಲ್ಲಿ ಕೊನೆಯ ಫ್ರೆಟ್‌ಗಳ ಭಾಗ ಮೇಲಕ್ಕೇಳುವ ಸಾಧ್ಯತೆಯಿದೆ. ಆದ್ದರಿಂದ ಅಳೆಯದೆ ತುಂಡಿಡುವುದು ಬೇಡ. ಕೋನವೇ ಬೇಕಾದರೂ ಪಾಕೆಟ್ ಪೂರ್ತಿ ತುಂಬುವ, ಇಳಿಜಾರಾಗಿ ಕೊರೆದ ಮರದ ಶಿಮ್ ಒಳ್ಳೆಯದು.

ಪ್ರಶ್ನಿಸಿದವರ ಬರಹ

ಇಬ್ಬರಿಗೂ ಧನ್ಯವಾದಗಳು. ಸ್ಕೇಲ್ ಉದ್ದ ಸರಿಯಿದೆ. ಹಳೆಯ ಹೀಲ್ 25.4 ಮಿ.ಮೀ., ಹೊಸದು 24.2 ಮಿ.ಮೀ. ಇತ್ತು. ಸ್ಕ್ರೂಗಳು ಬಾಡಿಯನ್ನೂ ಕಚ್ಚುತ್ತಿದ್ದವು. ರಂಧ್ರಗಳನ್ನು ಹಿಗ್ಗಿಸಿ, 1.2 ಮಿ.ಮೀ. ದಪ್ಪದ ಮೇಪಲ್ ತೆಳುಹಲಗೆಯನ್ನು ಪಾಕೆಟ್‌ನ ಆಕಾರಕ್ಕೆ ಕತ್ತರಿಸಿ ಹಾಕಿದೆ. ಈಗ ಸ್ಯಾಡಲ್‌ಗಳನ್ನು ತುಸು ಮೇಲೆತ್ತಿ 1.8 ಮಿ.ಮೀ.ಗೆ ನಿಲ್ಲಿಸಲು ಸಾಧ್ಯವಾಗಿದೆ. ಸಣ್ಣ ತಂತಿ ಇನ್ನೂ ಅಂಚಿನಲ್ಲೇ ಇದೆ, ಮೊದಲ ಫ್ರೆಟ್‌ನ ಸ್ವರಗಳೂ ಏರಿಯೇ ಇವೆ. ಹೊಸದಾಗಿ, ಮೂರನೇ ತಂತಿ 13ನೇ ಫ್ರೆಟ್‌ನಲ್ಲಿ ಮಾತ್ರ ಕರಕರ ಎನ್ನುತ್ತಿದೆ.

ಉತ್ತರ

ಬಹಳ ಸಂತೋಷ. ರಂಧ್ರಗಳು ಸಡಿಲವಾದದ್ದರಿಂದ ಅಂಚಿನ ತೊಂದರೆ ಸುಲಭ. ತಂತಿಗಳು ಶ್ರುತಿಯಲ್ಲಿರುವಾಗಲೇ ನಾಲ್ಕೂ ಸ್ಕ್ರೂಗಳನ್ನು ಕಾಲು ಸುತ್ತಿನಷ್ಟು ಸಡಿಲಿಸಿ, ಹೆಡ್‌ಸ್ಟಾಕ್ (ಶ್ರುತಿಯ ಕೀಲಿಗಳಿರುವ ನೆಕ್‌ನ ತುದಿ) ಹಿಡಿದು ನೆಕ್ಕನ್ನು ಪಕ್ಕಕ್ಕೆ ಮೆಲ್ಲಗೆ ಸರಿಸಿ, ಎರಡೂ ಹೊರತಂತಿಗಳು ಅಂಚಿನಿಂದ ಸಮ ದೂರಕ್ಕೆ ಬಂದಾಗ ಹಿಡಿದುಕೊಂಡೇ ಬಿಗಿಸಿ.

ಟ್ರಸ್ ರಾಡ್‌ನ ಸರದಿ ಈಗ. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್‌ನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ಅಳೆಯಿರಿ. 0.25 ಮಿ.ಮೀ. ಒಳ್ಳೆಯ ಗುರಿ. ಹೆಚ್ಚಿದ್ದರೆ ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ ತಿರುಗಿಸಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಪ್ರತಿ ಬಾರಿಯೂ ಶ್ರುತಿ ಸರಿಮಾಡಿ ಮತ್ತೆ ಅಳೆಯಿರಿ.

ಮೊದಲ ಫ್ರೆಟ್‌ನ ಸ್ವರ ಏರಲು ನಟ್‌ನ ಕಚ್ಚುಗಳು ಆಳವಿಲ್ಲದಿರುವುದೇ ಕಾರಣ: ತಂತಿಯನ್ನು ಫ್ರೆಟ್‌ಗೆ ಮುಟ್ಟಿಸಲು ಹೆಚ್ಚು ಒತ್ತಬೇಕಾಗಿ ಅದು ಹಿಗ್ಗುತ್ತದೆ. 3ನೇ ಫ್ರೆಟ್‌ನ ಹಿಂದೆ ಒತ್ತಿ ಮೊದಲ ಫ್ರೆಟ್‌ನ ಮೇಲೆ ನೋಡಿದಾಗ ಕೂದಲೆಳೆಯಷ್ಟು ಸಂದು ಮಾತ್ರ ಕಾಣಬೇಕು. ಆಯಾ ತಂತಿಯ ಅಗಲದ ಅರದಿಂದ, ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ, ಒಂದೆರಡು ಸಲ ಉಜ್ಜಿ ಪರೀಕ್ಷಿಸುತ್ತಾ ಸಾಗಿ. ಆಳ ಹೆಚ್ಚಾದರೆ ನಟ್ ಬದಲಿಸಬೇಕಾದೀತು. ಸರಿಯಾದ ಅರಗಳಿಲ್ಲದಿದ್ದರೆ ಇದೊಂದನ್ನು ಗಿಟಾರ್ ರಿಪೇರಿ ಮಾಡುವವರಿಗೇ ಒಪ್ಪಿಸಿ.

13ನೇ ಫ್ರೆಟ್‌ನಲ್ಲಿ ಸದ್ದು ಬಂದರೆ ತಪ್ಪು ಬಹುತೇಕ 14ನೆಯದರದ್ದು. ಮೂರೇ ಫ್ರೆಟ್‌ಗಳನ್ನು ಮುಟ್ಟುವಷ್ಟು ಚಿಕ್ಕ, ನೇರ ಲೋಹದ ಪಟ್ಟಿಯನ್ನು 13, 14, 15ರ ಮೇಲೆ ಇಡಿ; ಅದು ತೂಗಾಡಿದರೆ ನಡುವಿನದು ಎದ್ದಿದೆ. ಮರದ ಕಡ್ಡಿಯಿಂದ ಆ ಫ್ರೆಟ್ಟನ್ನು ಒತ್ತಿದಾಗ ಕೆಳಗಿಳಿದರೆ ಅದು ತನ್ನ ಸೀಳಿನಿಂದ ಸಡಿಲಿದೆ ಎಂದರ್ಥ. ನೆಕ್‌ನ ಹಿಂದೆ ಆಸರೆ ಕೊಟ್ಟು, ಪ್ಲಾಸ್ಟಿಕ್ ಮುಖದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ. ಅಲುಗದೆ ಎದ್ದಿದ್ದರೆ ಅರ ಹಾಕಿ ಸಮ ಮಾಡಿಸಬೇಕು.

ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಿರುವಂತೆ ಹೊಂದಿಸುವುದು) ಕೊನೆಗೆ. 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ತಾಗಿಸಿ ನುಡಿಸಿದ ಸ್ವರಕ್ಕಿಂತ) ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನಟ್‌ನಿಂದ ದೂರಕ್ಕೆ, ಇಳಿದಿದ್ದರೆ ನಟ್‌ನ ಕಡೆಗೆ ಸರಿಸಿ.